ಕತ್ತರಿ-ಗೋಂದು: ಊರು ಸುತ್ತಿ ಬಂದವರ ಪ್ರಶ್ನೆಗಳು

ರಜೆ ಮುಗಿಸಿ ಬಂದವರ ಪತ್ರಗಳೇ ಈ ಸಲ ಹೆಚ್ಚು. ಬಹುತೇಕರದು ಒಂದೇ ತಕರಾರು: ಫೋನಿನ ತುಂಬ ಫೋಟೊ ಇದೆ, ಮನೆಯಲ್ಲಿ ಕಾಗದ ಹರಡಿಕೊಂಡು ಕೂತರೆ ಮಾತ್ರ ಏನೂ ಹೊಳೆಯುವುದಿಲ್ಲ. ಫೋಟೊದಲ್ಲಿ ಅಂದ ಸಿಗುತ್ತದೆ, ಲೆಕ್ಕ ಸಿಗುವುದಿಲ್ಲ. ಎಷ್ಟು ಮೂಲೆ, ಎಷ್ಟು ಎಳೆಗೆ ಒಂದು ತಿರುವು, ಯಾವುದರ ಮೇಲೆ ಯಾವುದು ಎಂದು ಎಣಿಸಿ ಬರೆದುಕೊಂಡು ಬಂದವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಎರಡು ಮಿ.ಮೀ. ಚೌಕದ ಗ್ರಾಫ್ ಪುಸ್ತಕ ಮತ್ತು ಪೆನ್ಸಿಲ್ ಚೀಲದಲ್ಲಿರಲಿ.

*

ಸೋಮನಾಥಪುರದ ಗುಡಿಯ ನಕ್ಷತ್ರದ ಆಕಾರದಲ್ಲಿ ಉಡುಗೊರೆ ಡಬ್ಬಿ ಮಾಡಬೇಕೆಂದು ಆಸೆ. ಮೂರು ಸಲ ಬರೆದರೂ ಮೂಲೆಗಳು ಸಮ ಬರುತ್ತಿಲ್ಲ. ಮುಂದಿನ ಸಲ ಹೋದಾಗ ಗೋಡೆಯ ಮೇಲೆ ಕಾಗದವಿಟ್ಟು ಕ್ರೇಯಾನ್ ಉಜ್ಜಿ ಅಚ್ಚು ತೆಗೆಯಬಹುದೇ?
— ಓದುಗರೊಬ್ಬರು, ಮಂಡ್ಯ

ಮೊದಲು ಎರಡನೆಯ ಪ್ರಶ್ನೆ. ಉಜ್ಜಬೇಡಿ. ಅದು ಸಂರಕ್ಷಿತ ಸ್ಮಾರಕ. ಬಳಪದ ಕಲ್ಲು ಮೆದು, ಮೇಣ ಅದರ ಸಂದಿಗಳಲ್ಲಿ ಕೂತರೆ ಹೋಗುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಕೆತ್ತನೆಯ ಆಳ ತಾನೇ ಕಾಣುತ್ತದೆ. ಉಜ್ಜಿ ಅಚ್ಚು ತೆಗೆಯುವ ಚಪಲ ತೀರದಿದ್ದರೆ ಮನೆಯ ಚಕ್ಕುಲಿ ಒರಳಿನ ಬಿಲ್ಲೆಗಳಿವೆ, ಅವೂ ನಕ್ಷತ್ರಗಳೇ.

ಈಗ ಡಬ್ಬಿ. ನೀವು ನಕ್ಷತ್ರವನ್ನು ನಕ್ಷತ್ರವೆಂದೇ ಬರೆಯಹೊರಟಿದ್ದೀರಿ, ಅದಕ್ಕೇ ಕೆಡುತ್ತಿದೆ. ಕೇಶವ ಗುಡಿಯ ಮೂರು ಗರ್ಭಗುಡಿಗಳ ತಳವಿನ್ಯಾಸ ಹದಿನಾರು ಮೂಲೆಯದು. ಹಾಗೆಂದರೆ ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿದ್ದು: ನಾಲ್ಕು ಚೌಕ, ಹದಿನಾರು ಮೂಲೆ. ಚೌಕ ಬರೆಯಲು ಬಂದರೆ ಸಾಕು.

ಕೋನಮಾಪಕವೂ ಬೇಡ. 6 ಸೆಂ.ಮೀ. ತ್ರಿಜ್ಯದ ವೃತ್ತವನ್ನು ತೆಳು ಕಾಗದದಲ್ಲಿ ಕತ್ತರಿಸಿ, ಅರ್ಧಕ್ಕೆ ಅರ್ಧ ಎಂದು ನಾಲ್ಕು ಸಲ ಮಡಚಿ ಬಿಡಿಸಿ. ಹದಿನಾರು ಗೆರೆ ಮೂಡಿರುತ್ತವೆ. ಗೆರೆಗಳ ತುದಿಗೆ 1ರಿಂದ 16ರವರೆಗೆ ಸಂಖ್ಯೆ ಹಾಕಿ. 1-5-9-13 ಸೇರಿಸಿದರೆ ಒಂದು ಚೌಕ. ಹಾಗೆಯೇ 2-6-10-14, 3-7-11-15, 4-8-12-16. ಹೊರಗಿನ ಅಂಚನ್ನಷ್ಟೇ ತಿದ್ದಿ ಗಾಢ ಮಾಡಿ, ಒಳಗಿನ ಗೆರೆ ಅಳಿಸಿ. ಹೊರಮೂಲೆಗಳು ನಡುಬಿಂದುವಿನಿಂದ 6 ಸೆಂ.ಮೀ., ಒಳಮೂಲೆಗಳು 5.1 ಸೆಂ.ಮೀ. ದೂರದಲ್ಲಿ ಬರುತ್ತವೆ. ಪ್ರತಿ ಹೊರಮೂಲೆಗೂ ಪೋಸ್ಟ್ ಕಾರ್ಡಿನ ಮೂಲೆ ಇಟ್ಟು ನೋಡಿ. ಸರಿಯಾಗಿ ಕೂರಬೇಕು, ಏಕೆಂದರೆ ಅದು ಚೌಕದ್ದೇ ಮೂಲೆ.

ಗೋಡೆಗೆ ಒಂದೇ ಉದ್ದ ಪಟ್ಟಿ. ಈ ಅಳತೆಯ ನಕ್ಷತ್ರದ ಸುತ್ತು 45 ಸೆಂ.ಮೀ., ಮುಖಗಳು 32, ಒಂದೊಂದು ಮುಖ 14 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಎಡವುವುದು ಇಲ್ಲೇ. ಸ್ಕೇಲಿನಿಂದ 1.4, 1.4 ಎಂದು ಗುರುತು ಹಾಕುತ್ತ ಹೋದರೆ ಕೊನೆಗೆ 2 ಮಿ.ಮೀ. ಕಡಿಮೆ ಬಿದ್ದು ಪಟ್ಟಿ ತಳಕ್ಕೆ ಕೂಡುವುದಿಲ್ಲ. ಬದಲಿಗೆ 45 ಸೆಂ.ಮೀ. ಉದ್ದದ ಸುದ್ದಿಪತ್ರಿಕೆಯ ಪಟ್ಟಿಯನ್ನು ಅರ್ಧಕ್ಕೆ ಅರ್ಧ ಐದು ಸಲ ಮಡಚಿ ಬಿಡಿಸಿ: ಸಮನಾದ 32 ಭಾಗ. ಅದನ್ನು ದಪ್ಪ ಕಾಗದದ ಪಕ್ಕ ಇಟ್ಟು ಗುರುತು ಇಳಿಸಿಕೊಳ್ಳಿ.

ಕಾಗದ 220 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಐವರಿ ಶೀಟ್ ಇರಲಿ. ಪಟ್ಟಿಯ ಎತ್ತರ 5 ಸೆಂ.ಮೀ., ಕೆಳಗೆ ಅಂಟಿಸಲು 6 ಮಿ.ಮೀ. ಅಂಚು, ಕೊನೆಯಲ್ಲಿ ಜೋಡಿಸಲು 1 ಸೆಂ.ಮೀ. ಹೆಚ್ಚುವರಿ. ಮಡಿಕೆಯ ಗೆರೆಗಳನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೀರಿ ಬೀಸಣಿಗೆಯ ಹಾಗೆ ಒಮ್ಮೆ ಆಚೆ, ಒಮ್ಮೆ ಈಚೆ ಮಡಚಿ. ಕೆಳಗಿನ ಅಂಚನ್ನು ಮುಖಮುಖಕ್ಕೂ ಸೀಳಿ, ಹೊರಮೂಲೆಯ ಕಡೆ ಮಾತ್ರ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ಪಕ್ಕದ ಎರಡು ಅಂಚುಗಳು ಒಂದರ ಮೇಲೊಂದು ಏರಿ ತಳ ಉಬ್ಬುತ್ತದೆ. ಒಳಮೂಲೆಯ ಕಡೆ ನೇರ ಸೀಳಿದ್ದೇ ಸಾಕು, ಅಲ್ಲಿ ಅವು ತಾವಾಗಿ ದೂರವಾಗುತ್ತವೆ.

ಮಡಿಕೆ ಬಿರಿದು ಬಿಳಿ ಎಳೆ ಕಂಡರೆ ನಾರಿನ ದಿಕ್ಕು ತಪ್ಪಿದೆ. ಕಾಗದದ ನಾರು ಮಡಿಕೆಗೆ ಸಮಾನಾಂತರವಾಗಿರಬೇಕು, ಅಂದರೆ ಈ ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ. ಪತ್ತೆ ಹಚ್ಚಲು ಚಿಕ್ಕ ತುಂಡು ಕತ್ತರಿಸಿ ಒಂದು ಬದಿ ಒದ್ದೆ ಮಾಡಿ. ಅದು ಸುರುಳಿಯಾಗುತ್ತದೆ, ಸುರುಳಿಯ ಕೊಳವೆ ಯಾವ ದಿಕ್ಕಿಗೆ ಉದ್ದವೋ ನಾರು ಆ ದಿಕ್ಕಿಗೆ. ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೇ ಇರುತ್ತದೆ, ಹಾಳೆಯ ಉದ್ದಕ್ಕೂ ಪಟ್ಟಿ ತೆಗೆದರೆ ಬಿರಿಯುವುದು ಖಂಡಿತ. ದೊಡ್ಡ ಶೀಟ್ ಕೊಂಡು ದಿಕ್ಕು ನೋಡಿ ಕತ್ತರಿಸಿ.

ಮುಚ್ಚಳಕ್ಕೆ ತ್ರಿಜ್ಯ 6.2, ಪಟ್ಟಿ 46.5, ಎತ್ತರ 2 ಸೆಂ.ಮೀ. ಗುಡಿಯ ಶಿಖರದಲ್ಲೂ ಅದೇ ನಕ್ಷತ್ರ ಮೇಲೇರುತ್ತ ಕಿರಿದಾಗುತ್ತದಲ್ಲ, ಹಾಗೆ 5, 4, 3, 2 ಸೆಂ.ಮೀ. ನಕ್ಷತ್ರಗಳನ್ನು ನಡುವೆ ರಟ್ಟಿನ ಚೂರಿಟ್ಟು ಮುಚ್ಚಳದ ಮೇಲೆ ಪೇರಿಸಿ. ಮಿನುಗು ಪುಡಿ ಉದುರಿಸಬೇಡಿ. ಈ ಆಕಾರಕ್ಕೆ ನೆರಳೇ ಅಲಂಕಾರ.

*

ಹುಬ್ಬಳ್ಳಿಯಿಂದ ಕಸೂತಿಯ ಸೀರೆ ತಂದೆ. ಅದೇ ಗೋಪುರ, ತೇರನ್ನು ದಪ್ಪ ಕಾಗದದ ಮೇಲೆ ದಾರದಿಂದ ಹೊಲಿದು ಪುಸ್ತಕದ ಗುರುತುಪಟ್ಟಿ ಮಾಡಲು ಹೋದರೆ ಕಾಗದ ಹರಿಯುತ್ತದೆ.
— ಓದುಗರೊಬ್ಬರು, ಮೈಸೂರು

ಕಸೂತಿ ಕಾಗದಕ್ಕೆ ಹೇಳಿ ಮಾಡಿಸಿದಂತಿದೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುವ ಹೊಲಿಗೆ ಅದು, ಹಾಗಾಗಿ ಎಲ್ಲ ವಿನ್ಯಾಸವೂ ಗ್ರಾಫ್ ಹಾಳೆಗೆ ನೇರವಾಗಿ ಇಳಿಯುತ್ತದೆ. ತೇರು, ಗೋಪುರ, ತುಳಸಿಕಟ್ಟೆ ಎಡಬಲ ಸಮ ಇರುವುದರಿಂದ ಅರ್ಧ ಎಣಿಸಿದರೆ ಸಾಕು.

ಹರಿಯಲು ಕಾರಣ ಬಹುಶಃ ನೀವು ಆರಿಸಿದ ಹೊಲಿಗೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬ ನಾಲ್ಕರಲ್ಲಿ ಮೆಂತಿ ಅಡ್ಡ ಹೊಲಿಗೆ, ಒಂದೇ ತೂತಿನಲ್ಲಿ ದಾರ ಮೂರು ನಾಲ್ಕು ಸಲ ಹೋಗುತ್ತದೆ. ಬಟ್ಟೆ ತಡೆಯುತ್ತದೆ, ಕಾಗದ ತಡೆಯುವುದಿಲ್ಲ. ನೇಯ್ಗೆಯಲ್ಲಿ ತೂತುಗಳು ತೀರ ಒತ್ತೊತ್ತು. ಕಾಗದಕ್ಕೆ ಗವಂತಿ ಮತ್ತು ಮೆಟ್ಟಿಲಿನಂತೆ ಸಾಗುವ ಮುರ್ಗಿ ಮಾತ್ರ ಇಟ್ಟುಕೊಳ್ಳಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು. ಹಿಂದೂ ಮುಂದೂ ಒಂದೇ ಥರ ಕಾಣುತ್ತದೆ, ಗುರುತುಪಟ್ಟಿಗೆ ಬೇಕಾದದ್ದೂ ಅದೇ.

ಕಾಗದ 250 ಜಿಎಸ್‌ಎಂ, ತೂತಿನ ಅಂತರ 3 ಮಿ.ಮೀ. (2ಕ್ಕಿಂತ ಕಡಿಮೆಯಾದರೆ ಅಂಚೆಚೀಟಿಯ ಹಾಗೆ ಸಾಲಾಗಿ ಹರಿದು ಬರುತ್ತದೆ). ಅಂಚಿನಿಂದ 6 ಮಿ.ಮೀ. ಬಿಡಿ. ಗ್ರಾಫ್ ಹಾಳೆಯನ್ನು ಮೇಲಿಟ್ಟು ಕ್ಲಿಪ್ ಹಾಕಿ, ಕೆಳಗೆ ಮಡಚಿದ ಕಂಬಳಿ ಇಟ್ಟು, ಎಲ್ಲ ತೂತುಗಳನ್ನೂ ಮೊದಲೇ ಗುಂಡುಸೂಜಿಯಿಂದ ಚುಚ್ಚಿ. ಹೊಲಿಯುತ್ತ ಚುಚ್ಚಿದರೆ ಹಿಂಬದಿಯಿಂದ ಸೂಜಿ ಬರುವಾಗ ತೂತು ಪಕ್ಕಕ್ಕೆ ಬೀಳುತ್ತದೆ. ಹಿಂದೆ ಎದ್ದ ಅಂಚನ್ನು ಉಗುರಿನಿಂದ ಸವರಿ ಕೂರಿಸಿ. ಕಸೂತಿ ದಾರದ ಆರು ಎಳೆಯಲ್ಲಿ ಎರಡೇ ಎಳೆ ಸಾಕು, ತೆಳು ಸೂಜಿ ಬೇಕು.

ದಾರವನ್ನು ಮೇಲಕ್ಕೆ ಜಗ್ಗಬೇಡಿ, ಕಾಗದಕ್ಕೆ ಒರಗಿದಂತೆ ಪಕ್ಕಕ್ಕೆ ಎಳೆಯಿರಿ. ಗಂಟು ಹಾಕಬೇಡಿ. ಕೊನೆಯ ಎಳೆಯನ್ನು ಮೂರು ಹೊಲಿಗೆಯ ಅಡಿಯಲ್ಲಿ ತೂರಿಸಿ ಸಾಸಿವೆ ಕಾಳಿನಷ್ಟು ಅಂಟು ಮುಟ್ಟಿಸಿ. ಕವಲು ಬಂದಲ್ಲಿ ಕವಲಿನ ತುದಿಗೆ ಹೋಗಿ ಹಿಂದಿರುಗಿ ಆಮೇಲೆ ಮುಖ್ಯ ದಾರಿ ಹಿಡಿಯಬೇಕು. ಈ ದಾರಿಯನ್ನು ಗ್ರಾಫಿನ ಮೇಲೆ ಪೆನ್ಸಿಲಿನಲ್ಲಿ ಒಮ್ಮೆ ಓಡಿಸಿ ನೋಡಿಕೊಳ್ಳಿ, ಇಲ್ಲವಾದರೆ ತೇರಿನ ಕಳಸದ ಬಳಿ ಸಿಕ್ಕಿಹಾಕಿಕೊಳ್ಳುತ್ತೀರಿ.

*

ವಿಜಯಪುರಕ್ಕೆ ಹೋಗಿದ್ದಾಗ ಅಲ್ಲಿನ ‘ಅಬ್ರಿ’ ಚಿತ್ರಗಳ ಮಾತು ಕಿವಿಗೆ ಬಿತ್ತು. ಅದು ಏನು? ಮನೆಯಲ್ಲಿ ಮಾಡಬಹುದೇ?
— ಓದುಗರೊಬ್ಬರು, ಬಾಗಲಕೋಟೆ

ಪರ್ಷಿಯನ್ ಭಾಷೆಯಲ್ಲಿ ಅಬ್ರ್ ಎಂದರೆ ಮೋಡ. ಲೋಳೆನೀರಿನ ಮೇಲೆ ಬಣ್ಣ ತೇಲಿಸಿ, ಕದಡಿ, ಕಾಗದಕ್ಕೆ ಎತ್ತಿಕೊಳ್ಳುವ ವಿದ್ಯೆ ಅದು. ತುರ್ಕಿಯ ಎಬ್ರು ಇದರ ದಾಯಾದಿ. ಬೇರೆ ಕಡೆ ಇದು ಬಹುಮಟ್ಟಿಗೆ ಪುಸ್ತಕದ ಒಳಹಾಳೆಗೆ, ಚಿತ್ರದ ಅಂಚುಪಟ್ಟಿಗೆ ಬಳಕೆಯಾದರೆ, 17ನೇ ಶತಮಾನದ ಬಿಜಾಪುರದ ಕಡೆಯ ಕಲಾವಿದರು ಕಾಗದದ ಕೆಲ ಭಾಗವನ್ನು ಮುಚ್ಚಿ, ಉಳಿದ ಕಡೆ ಮಾತ್ರ ಬಣ್ಣ ಹಿಡಿಸಿ, ಕುದುರೆ, ಸವಾರನಂಥ ಆಕೃತಿಗಳನ್ನೇ ಮೂಡಿಸಿದರು. ಎಲುಬು ಕಾಣುವ ಬಡಕಲು ಕುದುರೆ ಅವರಿಗೆ ಅಚ್ಚುಮೆಚ್ಚು. ಅದರ ಮೈಯೆಲ್ಲ ಅಬ್ರಿಯ ಅಲೆ.

ಮನೆಯಲ್ಲಿ ಮಾಡಬಹುದು. ಹಳೆಯ ವಿಧಾನದಲ್ಲಿ ಲೋಳೆಗೆ ಮೆಂತ್ಯ ನೆನೆಹಾಕುತ್ತಿದ್ದರು, ಆದರೆ ಅದರ ಹದ ಕೈಗೆ ಹತ್ತಲು ಸಮಯ ಬೇಕು. ಮೊದಲ ಸಲಕ್ಕೆ ಕಡಲಕಳೆಯಿಂದ ತೆಗೆದ ಕ್ಯಾರಜೀನನ್ ಪುಡಿ ಕೊಳ್ಳಿ, ‘ಲ್ಯಾಂಬ್ಡಾ’ ಎಂದು ನೋಡಿ ಕೊಳ್ಳಿ. ‘ಕಪ್ಪಾ’ ಜಾತಿಯದು ಮತ್ತು ಅಗರ್ ಎರಡೂ ಹಲ್ವದಂತೆ ಗಟ್ಟಿಯಾಗಿ ಕೂರುತ್ತವೆ, ಕೆಲಸಕ್ಕೆ ಬಾರವು. 2 ಲೀಟರ್ ನೀರಿಗೆ 14 ಗ್ರಾಂ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣದಂಶದಿಂದ ಲೋಳೆಯೂ ಬಣ್ಣವೂ ಕೆಡುತ್ತವೆ. ಫಿಲ್ಟರ್ ನೀರು ಬಳಸಿ. ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ತಿರುವಿ ರಾತ್ರಿಯಿಡೀ ಬಿಡಿ, ಗುಳ್ಳೆಗಳು ಹೋಗಬೇಕು. 30×40 ಸೆಂ.ಮೀ. ತಟ್ಟೆಗೆ ಹೊಯ್ದರೆ ಒಂದೂವರೆ ಸೆಂ.ಮೀ. ಮೀರಿ ನಿಲ್ಲುತ್ತದೆ, ಅಷ್ಟು ಸಾಕು.

ಅತ್ತ ಕಾಗದಕ್ಕೆ ಪಟಿಕ ಹಚ್ಚಬೇಕು. ಬಣ್ಣವನ್ನು ಕಾಗದಕ್ಕೆ ಕಚ್ಚಿಸುವುದು ಅದೇ. 250 ಮಿ.ಲೀ. ಬಿಸಿನೀರಿಗೆ 15 ಗ್ರಾಂ ಪಟಿಕದ ಪುಡಿ ಕರಗಿಸಿ, ತಣಿದ ಮೇಲೆ ಸ್ಪಂಜಿನಿಂದ ಎಲ್ಲ ಕಡೆ ಸಮನಾಗಿ ಸವರಿ, ಒಣಗಿಸಿ, ಭಾರ ಹೇರಿ ಚಪ್ಪಟೆ ಮಾಡಿ. ಯಾವ ಬದಿಗೆ ಹಚ್ಚಿದ್ದೆಂದು ಇನ್ನೊಂದು ಬದಿಯಲ್ಲಿ ಪೆನ್ಸಿಲ್ ಗುರುತು ಹಾಕಿ, ಒಣಗಿದ ಮೇಲೆ ಗೊತ್ತಾಗುವುದಿಲ್ಲ. ಒಂದೆರಡು ದಿನದೊಳಗೆ ಬಳಸಿ, ಇಟ್ಟರೆ ಪಟಿಕದ ಹುಳಿಗೆ ಕಾಗದ ಪೆಡಸಾಗುತ್ತದೆ. ಜೆರಾಕ್ಸ್ ಹಾಳೆ ಬೇಡ. ಅದರಲ್ಲಿ ಸೇರಿಸಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಪಟಿಕವನ್ನು ಮೊದಲೇ ತಿಂದುಬಿಡುತ್ತದೆ, ಆಮೇಲೆ ಬಣ್ಣ ತೊಳೆದ ನೀರಿನ ಜೊತೆ ಹೋಗುತ್ತದೆ.

ಅಕ್ರಿಲಿಕ್ ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಿ ಒಂದು ಹನಿ ಬಿಡಿ. ಐದಾರು ಸೆಂ.ಮೀ. ಹರಡಿದರೆ ಸರಿ. ಮುಳುಗಿದರೆ ದಪ್ಪವಾಗಿದೆ, ನೀರು ಸೇರಿಸಿ. ತೆಳು ಮಾಡಿದರೂ ಹರಡದಿದ್ದರೆ ಲೋಳೆಯ ಮೇಲೆ ಕೆನೆ ಕಟ್ಟಿದೆ, ಸುದ್ದಿಪತ್ರಿಕೆಯ ಪಟ್ಟಿಯನ್ನು ಮೇಲ್ಮೈಗೆ ತಾಗಿಸಿ ಎಳೆದು ತೆಗೆಯಿರಿ. ಪ್ರತಿ ಹಾಳೆಯ ನಂತರವೂ ಇದನ್ನು ಮಾಡಲೇಬೇಕು. ನಂತರ ಬಿಡುವ ಬಣ್ಣಗಳು ಮೊದಲಿನವನ್ನು ತಳ್ಳಿ ಜಾಗ ಮಾಡಿಕೊಳ್ಳಬೇಕಾದ್ದರಿಂದ ಅವುಗಳ ಬಟ್ಟಲಿಗೆ ಪಾತ್ರೆ ತೊಳೆಯುವ ದ್ರವವನ್ನು ಕಡ್ಡಿಯ ತುದಿಯಲ್ಲಿ ಅದ್ದಿ ಸೇರಿಸಿ. ಹೆಚ್ಚಾದರೆ ಬಣ್ಣ ಬಲೆಯಂತೆ ತೂತು ಬೀಳುತ್ತದೆ. ರಟ್ಟಿಗೆ ಒಂದು ಸೆಂ.ಮೀ.ಗೊಂದು ಗುಂಡುಸೂಜಿ ಚುಚ್ಚಿದರೆ ಬಾಚಣಿಗೆ ತಯಾರು.

ಕಾಗದವನ್ನು ಎದುರುಬದುರು ಮೂಲೆ ಹಿಡಿದು, ಒಂದು ಮೂಲೆಯಿಂದ ಇನ್ನೊಂದಕ್ಕೆ ನಿಲ್ಲಿಸದೆ ಇಳಿಸಿ. ನಡುವೆ ಕೈ ತಡೆದರೆ ಅಲ್ಲೊಂದು ಗೆರೆ, ಗಾಳಿ ಸಿಕ್ಕಿದರೆ ಬಿಳಿ ಮಚ್ಚೆ. ಎತ್ತಿ, ಓರೆಯಾಗಿ ಹಿಡಿದು, ನಿಧಾನವಾಗಿ ನೀರು ಸುರಿದು ಲೋಳೆ ತೊಳೆಯಿರಿ.

ಕುದುರೆಯಂಥ ಆಕೃತಿ ಬೇಕಾದರೆ, ಪಟಿಕ ಒಣಗಿದ ಮೇಲೆ ಬಣ್ಣ ಬೇಡವಾದ ಜಾಗಕ್ಕೆ ಗೋಂದಿನ ನೀರನ್ನು ಎರಡು ಕೈ ಬಳಿದು ಪೂರ್ತಿ ಒಣಗಿಸಿ, ಆಮೇಲೆ ಬಣ್ಣಕ್ಕೆ ಇಳಿಸಿ. ತೊಳೆಯುವಾಗ ಗೋಂದು ಕರಗಿ ಅದರ ಮೇಲಿನ ಬಣ್ಣವನ್ನೂ ಒಯ್ಯುತ್ತದೆ. ಮೊದಲ ಪ್ರಯತ್ನಕ್ಕೆ ಮಾವಿನಕಾಯಿಯಂಥ ದುಂಡು ಆಕಾರ ಸಾಕು, ಕುದುರೆಯ ಕಾಲಿಗೆ ಆಮೇಲೆ ಬನ್ನಿ.

*

ಬಸ್ ಟಿಕೆಟ್‌ಗಳನ್ನು ಅಂಟಿಸಿ ಪ್ರವಾಸದ ಪುಸ್ತಕ ಮಾಡಿದ್ದೆ. ವರ್ಷದೊಳಗೆ ಎಲ್ಲ ಖಾಲಿ ಚೀಟಿಗಳಾಗಿವೆ!
— ಓದುಗರೊಬ್ಬರು, ಶಿರಸಿ

ಯಂತ್ರದಿಂದ ಹರಿದು ಕೊಡುವ ಟಿಕೆಟ್ ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇಲ್ಲ, ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿದ್ದಷ್ಟೇ. ಬೆಳಕು, ಕೆಲವು ಅಂಟುಗಳು, ಪಿವಿಸಿ ಪ್ಲಾಸ್ಟಿಕ್ ಲಕೋಟೆ ಎಲ್ಲವೂ ಅದನ್ನು ಮಾಸಿಸುತ್ತವೆ. ಇಸ್ತ್ರಿ ತಾಗಿಸಿದರೆ ಅಥವಾ ಲ್ಯಾಮಿನೇಟ್ ಮಾಡಿದರೆ ಇಡೀ ಟಿಕೆಟ್ ಕಪ್ಪು. ಊರಿಂದ ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿ ಅದನ್ನು ಅಂಟಿಸಿ. ಮೂಲ ಬೇಕೇ ಬೇಕೆಂದರೆ ಕಾಗದದ ಲಕೋಟೆಯಲ್ಲಿ, ಕತ್ತಲಲ್ಲಿ ಇಡಿ. ಮುದ್ರಿಸಿದ ಹಳೆಯ ಕಾಲದ ಟಿಕೆಟ್ ಸಿಕ್ಕರೆ ಅದಕ್ಕೆ ಈ ಕಷ್ಟವಿಲ್ಲ.

*

ಸಾಗರದ ಕಡೆ ಹಸೆ ಚಿತ್ತಾರ ನೋಡಿ ಬಂದೆ. ಮಗಳ ಮದುವೆಯ ಕರೆಯೋಲೆಗೆ ಅದನ್ನೇ ಹಾಕಬೇಕೆಂದಿದ್ದೇನೆ. ಅಕ್ಕಿಹಿಟ್ಟಿನಲ್ಲೇ ಬರೆಯಲೇ? ಚೆನ್ನಾಗಿ ಬಂದರೆ ಮಾರಲೂ ಯೋಚನೆ ಇದೆ.
— ಓದುಗರೊಬ್ಬರು, ಬೆಂಗಳೂರು

ಅದು ಮಲೆನಾಡಿನ ದೀವರು ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆಯ ಹಸೆಗೋಡೆಯ ಮೇಲೆ ಬರೆಯುವಂಥದ್ದು, ಕರೆಯೋಲೆಗೆ ಒಪ್ಪುತ್ತದೆ. ಗೋಡೆಯಲ್ಲಿ ಬಿಳಿಗೆ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕಪ್ಪಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಕಾಗದಕ್ಕೆ ಅಕ್ಕಿಹಿಟ್ಟು ಮಾತ್ರ ಆಗಿಬರುವುದಿಲ್ಲ. ಮಡಿಕೆಯಲ್ಲಿ ಉದುರುತ್ತದೆ, ಜಿರಲೆಗೆ ಊಟವಾಗುತ್ತದೆ. ಬಿಳಿ ಪೋಸ್ಟರ್ ಕಲರ್‌ಗೆ ಎರಡು ಹನಿ ಗೋಂದು ಸೇರಿಸಿ, ಕೆಮ್ಮಣ್ಣು ಬಣ್ಣದ 300 ಜಿಎಸ್‌ಎಂ ಕೈಕಾಗದದ ಮೇಲೆ ಬರೆಯಿರಿ. ಮಡಿಕೆಯ ಎರಡೂ ಬದಿ 5 ಮಿ.ಮೀ. ಖಾಲಿ ಬಿಡಿ. ಸ್ಕೇಲ್ ಹೊರಚೌಕಟ್ಟಿಗೆ ಮಾತ್ರ ಇರಲಿ. ಒಳಗಿನ ಎಳೆಗಳನ್ನೂ ಸ್ಕೇಲಿನಿಂದ ಎಳೆದರೆ ಚಿತ್ತಾರ ಹೋಗಿ ಕಿಟಕಿಯ ಸರಳಿನಂತಾಗುತ್ತದೆ.

ಇನ್ನೂರು ಕರೆಯೋಲೆ ಕೈಯಲ್ಲಿ ಬರೆಯುವುದು ಆಗದ ಮಾತು. ಒಂದನ್ನು ದೊಡ್ಡದಾಗಿ ಬರೆದು ಸ್ಕ್ರೀನ್ ಪ್ರಿಂಟ್ ಮಾಡಿಸಿ. ಒಂದೇ ಬಣ್ಣವಾದ್ದರಿಂದ ಒಂದೇ ಸ್ಕ್ರೀನ್, ಖರ್ಚೂ ಕಡಿಮೆ. ಮಾರುವ ವಿಷಯಕ್ಕೆ ನಮ್ಮ ಅಭಿಪ್ರಾಯ ಖಡಾಖಂಡಿತ: ಮನೆಯ ಮದುವೆಗೆ ನೀವೇ ಬರೆದುಕೊಳ್ಳಿ, ಮಾರಾಟಕ್ಕಾದರೆ ಮೂಲಚಿತ್ರವನ್ನು ಅದನ್ನು ಬರೆಯುವ ಹೆಣ್ಣುಮಕ್ಕಳಿಂದಲೇ ಹಣ ಕೊಟ್ಟು ಬರೆಸಿ, ಎಷ್ಟು ಪ್ರತಿ ಎಂದು ಮೊದಲೇ ಮಾತಾಡಿ, ಕಾರ್ಡಿನ ಹಿಂದೆ ಅವರ ಹೆಸರು ಹಾಕಿ. ನೀವು ನೋಡಿ ಬರೆದದ್ದಕ್ಕೆ ‘ಹಸೆ ಚಿತ್ತಾರ’ ಎಂಬ ಚೀಟಿ ಅಂಟಿಸಿ ಮಾರುವುದು ಸರಿಯಲ್ಲ.

*

ಕಠ್ಮಂಡುವಿನಿಂದ ಲೋಕ್ತಾ ಕಾಗದ ತಂದೆ. ಫೆವಿಕಾಲ್ ಹಚ್ಚಿ ಡೈರಿಯ ರಟ್ಟಿಗೆ ಅಂಟಿಸಿದರೆ ಮೇಲೆಲ್ಲ ಕಲೆ, ರಟ್ಟೂ ದೋಣಿಯಂತೆ ಬಾಗಿದೆ.
— ಓದುಗರೊಬ್ಬರು, ಮಂಗಳೂರು

ಲೋಕ್ತಾ ಹಿಮಾಲಯದ ಪೊದೆಯ ತೊಗಟೆಯ ಒಳನಾರಿನ ಕಾಗದ. ಉದ್ದ ನಾರು, ಬಲು ಗಟ್ಟಿ, ಆದರೆ ಬಟ್ಟೆಯಂತೆ ಹೀರುತ್ತದೆ. ತೆಳು ಮಾಡಿದ ಬಿಳಿ ಅಂಟು ಅದರೊಳಗಿಂದ ಮೇಲಕ್ಕೆ ಬಂದು ಒಣಗಿ ಕಲೆಯಾಗುತ್ತದೆ. ಮೈದಾ ಅಂಟು ಮಾಡಿ: ಒಂದು ಲೋಟ ಮೈದಾಕ್ಕೆ ಆರು ಲೋಟ ತಣ್ಣೀರು ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕೈಯಾಡಿಸಿ, ತಣಿಸಿ, ಸೋಸಿ. ಹುಳ ಬಾರದಿರಲೆಂದು ಬೈಂಡರುಗಳು ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳು ಮುಟ್ಟುವ ವಸ್ತುವಿಗೆ ಬೇಡ, ಅಡುಗೆಯ ಪಾತ್ರೆಯಲ್ಲೂ ಬೇಡ.

ಅಂಟನ್ನು ರಟ್ಟಿಗೆ ತೆಳ್ಳಗೆ ಹಚ್ಚಿ, ಕಾಗದಕ್ಕಲ್ಲ. ರಟ್ಟು ಬಾಗಿದ್ದು, ಒದ್ದೆಯಾಗಿ ಹಿಗ್ಗಿದ ಕಾಗದ ಒಣಗುತ್ತ ಕುಗ್ಗಿ ಎಳೆದದ್ದರಿಂದ. ಒಳಬದಿಗೂ ಅಷ್ಟೇ ದಪ್ಪದ ಕಾಗದವನ್ನು ಅದೇ ಅಂಟಿನಿಂದ ಅಂಟಿಸಿದರೆ ಎಳೆತ ಎರಡೂ ಕಡೆ ಸಮವಾಗುತ್ತದೆ. ಎರಡು ಹಲಗೆಯ ನಡುವೆ, ಹೀರುಕಾಗದ ಬದಲಿಸುತ್ತ, ಒಂದು ಪೂರ್ತಿ ದಿನ ಒತ್ತಿಡಿ. ಮಳೆಗಾಲದ ಮಂಗಳೂರಿನಲ್ಲಿ ಎರಡು ದಿನ.

*

ಅರಳಿ ಎಲೆಯ ಬಲೆಯಂಥ ನರ ಮಾತ್ರ ಉಳಿಸಿ ಕಾರ್ಡಿಗೆ ಅಂಟಿಸುವುದು ಹೇಗೆ? ಕಾಡಿಗೆ ಹೋದಾಗ ಬೇರೆ ಎಲೆಗಳನ್ನೂ ತರಬಹುದೇ?
— ಓದುಗರೊಬ್ಬರು, ಹಾಸನ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಉದುರಿದ ಎಲೆಯನ್ನೂ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅರಳಿಕಟ್ಟೆ ಊರೂರಲ್ಲಿದೆ. ಬಲಿತ, ಹುಳ ಹೊಡೆಯದ ಎಲೆ ಆರಿಸಿ. ಕೆಂಪು ಚಿಗುರಿನ ನರ ಎಳಸು, ಕರಗಿಹೋಗುತ್ತದೆ. ಬಕೆಟ್ ನೀರಿನಲ್ಲಿ ಮೂರು ನಾಲ್ಕು ವಾರ ಮುಳುಗಿಸಿಟ್ಟು ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸುವುದು ಹಳೆಯ ಕ್ರಮ, ವಾಸನೆಗೆ ಸಿದ್ಧರಾಗಿ. ಅವಸರವಿದ್ದರೆ ಲೀಟರ್ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬೇಯಿಸಿ. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಅನ್ನು ಸೋಡಾ ತಿನ್ನುತ್ತದೆ. ಕೈಗವಸು ಬೇಕು.

ಎಲೆಯನ್ನು ತಟ್ಟೆಯ ಮೇಲೆ ಹಿಂಬದಿ ಮೇಲಾಗಿ ಹರಡಿ, ಮೆತ್ತನೆಯ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟಿ, ಉಜ್ಜಬೇಡಿ. ತೊಟ್ಟಿನಿಂದ ಅಂಚಿನ ಕಡೆಗೆ ಹೋಗಿ. ಉಲ್ಟಾ ಹೋದರೆ ಅರಳಿಯ ಆ ಉದ್ದ ಬಾಲ ಮೊದಲು ಕಿತ್ತು ಬರುತ್ತದೆ.